ನೆಲದ ಘರ್ಷಣೆ, ನೀರಿನ ಎಳೆತ: ಶಾಲೆಯ ಜಗಲಿಯಲ್ಲೇ ಅಳೆದು ನೋಡುವ ಬಗೆ

ಘರ್ಷಣೆಯ ಪಾಠ ಸಾಮಾನ್ಯವಾಗಿ "ಒರಟು ಮೇಲ್ಮೈಯಲ್ಲಿ ಹೆಚ್ಚು, ನುಣುಪು ಮೇಲ್ಮೈಯಲ್ಲಿ ಕಡಿಮೆ" ಎಂಬ ಸಾಲಿಗೆ ನಿಂತುಬಿಡುತ್ತದೆ. ನೀರಿನ ವಿಷಯ ಬಂದಾಗ "ಮೀನಿನ ಆಕಾರ ಒಳ್ಳೆಯದು" ಎಂದು ಇನ್ನೊಂದು ಸಾಲು ಸೇರುತ್ತದೆ. ಎರಡೂ ತಡೆಗಳು ಒಂದೇ ಜಾತಿಯವು ಎಂಬ ಭಾವನೆ ಮಕ್ಕಳಲ್ಲಿ ಉಳಿಯುತ್ತದೆ. ವಾಸ್ತವದಲ್ಲಿ ಇವೆರಡರ ನಿಯಮಗಳೇ ಬೇರೆ. ನೆಲದ ಮೇಲೆ ಜಾರುವ ವಸ್ತುವಿಗೆ ಎದುರಾಗುವ ತಡೆ ಅದರ ತೂಕದ ಮೇಲೆ ನಿಂತಿದೆ, ವೇಗ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ನೀರಿನಲ್ಲಿ ಸಾಗುವ ವಸ್ತುವಿಗೆ ಎದುರಾಗುವ ತಡೆಗೆ, ಅಂದರೆ ಎಳೆತಕ್ಕೆ, ವೇಗವೂ ಆಕಾರವೂ ಮುಖ್ಯ, ತೂಕ ಅಡ್ಡದಾರಿಯಿಂದ ಮಾತ್ರ ಬರುತ್ತದೆ. ಇನ್ನೊಂದು ದೊಡ್ಡ ವ್ಯತ್ಯಾಸವಿದೆ: ನೆಲದ ಮೇಲಿನ ವಸ್ತು ಹೊರಡಬೇಕಾದರೆ ಒಂದು ಹೊಸ್ತಿಲು ದಾಟಬೇಕು, ಅಲ್ಲಿಯವರೆಗೆ ಎಷ್ಟು ತಳ್ಳಿದರೂ ಮಿಸುಕುವುದಿಲ್ಲ. ನೀರಿನಲ್ಲಿ ಆ ಹೊಸ್ತಿಲೇ ಇಲ್ಲ. ದಡಕ್ಕೆ ತಾಗದೆ ನಿಶ್ಚಲ ನೀರಿನಲ್ಲಿ ತೇಲುತ್ತಿರುವ ದೋಣಿಯನ್ನು ಒಂದು ಬೆರಳಿನಿಂದ ಒತ್ತುತ್ತಲೇ ಇದ್ದರೆ ನಿಧಾನವಾಗಿಯಾದರೂ ಅದು ಹೊರಟೇ ಹೊರಡುತ್ತದೆ.

ಇದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅಳೆದು ತೋರಿಸುವುದೇ ಮೇಲು. ಎರಡು ಅವಧಿ ಸಮಯ, ಒಂದು ಹಲಗೆ, ಇಪ್ಪತ್ತೈದು ಮೂವತ್ತು ಇಟ್ಟಿಗೆ, ನಾಲ್ಕೈದು ಬಿಂದಿಗೆ ನೀರು ಇದ್ದರೆ ಸಾಕು.

ಮೊದಲು ನೆಲ: ಹಲಗೆ ಮತ್ತು ಇಟ್ಟಿಗೆ

ಬೇಕಾದದ್ದು: 100 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ, ಬಾಗಿರದ ಹಲಗೆ, ಎರಡು ಇಟ್ಟಿಗೆ, ಅಳತೆ ಟೇಪು, 5 ಕಿಲೋವರೆಗೆ ತೂಗುವ ಮುಳ್ಳಿನ ಸ್ಪ್ರಿಂಗ್ ತ್ರಾಸು, ಗಟ್ಟಿ ದಾರ. ಹೊದಿಸುವುದಕ್ಕೆ ಉಪ್ಪುಕಾಗದ, ಹಳೆಯ ಸೈಕಲ್ ಟ್ಯೂಬು, ಪ್ಲಾಸ್ಟಿಕ್ ಹಾಳೆ, ಗೋಣಿಚೀಲದ ತುಂಡು. ಡಿಜಿಟಲ್ ಲಗೇಜ್ ತ್ರಾಸು ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದು ಅಂಕಿ ಸ್ಥಿರವಾದಾಗ ಹಿಡಿದಿಟ್ಟುಬಿಡುತ್ತದೆ. ನಮಗೆ ಬೇಕಿರುವುದು ಚಲಿಸುತ್ತಿರುವಾಗಿನ ಅಂಕಿ.

ಇಟ್ಟಿಗೆಯನ್ನು ಹಲಗೆಯ ಮೇಲೆ ಮಲಗಿಸಿ, ಉದ್ದದ ಬದಿ ಇಳಿಜಾರಿನ ದಿಕ್ಕಿಗೆ ಬರಲಿ. ಹಲಗೆಯ ಒಂದು ತುದಿಯನ್ನು ಗೋಡೆಗೆ ಒತ್ತಿ, ಇನ್ನೊಂದು ತುದಿಯನ್ನು ಜರ್ಕು ಇಲ್ಲದೆ ನಿಧಾನವಾಗಿ ಎತ್ತಿ. ಇಟ್ಟಿಗೆ ಜಾರಲು ತೊಡಗಿದ ಕ್ಷಣಕ್ಕೆ ನಿಲ್ಲಿಸಿ, ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಆ ತುದಿಯ ನೇರ ಕೆಳಗಿನ ಬಿಂದುವಿನಿಂದ ಗೋಡೆಯ ಕಡೆಯ ತುದಿಗೆ ನೆಲದ ಮೇಲೆ ಎಷ್ಟು ದೂರ, ಎರಡನ್ನೂ ಅಳೆಯಿರಿ. ಎತ್ತರವನ್ನು ನೆಲದ ದೂರದಿಂದ ಭಾಗಿಸಿದರೆ ಸಿಗುವುದೇ ಸ್ಥಾಯಿ ಘರ್ಷಣೆಯ ಗುಣಾಂಕ, ಅಂದರೆ ಹೊರಡುವ ಮುನ್ನಿನ ಗರಿಷ್ಠ ತಡೆ, ವಸ್ತು ಮೇಲ್ಮೈಯನ್ನು ಒತ್ತುವ ಬಲದ ಎಷ್ಟು ಪಟ್ಟು ಎಂಬ ಅಂಕಿ. ಒಣ ಮರದ ಮೇಲೆ ಇಟ್ಟಿಗೆಗೆ ಇದು ಸುಮಾರು 0.6ರ ಆಸುಪಾಸು ಬರುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಎತ್ತರವನ್ನು ಹಲಗೆಯ ಉದ್ದದಿಂದ ಭಾಗಿಸುವುದು. 100 ಸೆಂ.ಮೀ. ಹಲಗೆಯ ತುದಿ 50 ಸೆಂ.ಮೀ. ಎತ್ತರದಲ್ಲಿದ್ದಾಗ ನೆಲದ ದೂರ 86.6 ಸೆಂ.ಮೀ. ಇರುತ್ತದೆ. ಸರಿಯಾದ ಉತ್ತರ 0.58. ಹಲಗೆಯ ಉದ್ದದಿಂದ ಭಾಗಿಸಿದರೆ 0.50 ಬರುತ್ತದೆ, ಹೆಚ್ಚುಕಡಿಮೆ ಏಳರಲ್ಲಿ ಒಂದು ಪಾಲು ತಪ್ಪು.

ಈಗ ಅದೇ ಇಟ್ಟಿಗೆಯ ಮೇಲೆ ಇನ್ನೊಂದನ್ನು ಇಟ್ಟು, ಎರಡನ್ನೂ ದಾರದಿಂದ ಕಟ್ಟಿ ಮತ್ತೆ ಎತ್ತಿ. ದಾರ ಇಟ್ಟಿಗೆಯ ಅಡಿಗೆ ಬಾರದಂತೆ ಪಕ್ಕಗಳಲ್ಲಿ ಮಾತ್ರ ಸುತ್ತಬೇಕು. ತೂಕ ಇಮ್ಮಡಿಯಾಗಿದ್ದರೂ ಜಾರುವ ಎತ್ತರ ಬದಲಾಗುವುದಿಲ್ಲ. ಜಾರಿಸುವ ಬಲ ಎಷ್ಟು ಪಟ್ಟು ಹೆಚ್ಚಿತೋ ತಡೆಯೂ ಅಷ್ಟೇ ಪಟ್ಟು ಹೆಚ್ಚಿದೆ ಎಂದರ್ಥ. ಫ್ರಾನ್ಸಿನ ಗಿಯೋಮ್ ಅಮೊಂತೊ 1699ರಲ್ಲಿ ಮಂಡಿಸಿದ ನಿಯಮ ಇದೇ. ಮುಂದೆ ವಿದ್ಯುತ್ ಆವೇಶದ ನಿಯಮದಿಂದ ಹೆಸರಾದ ಕೂಲಂಬ್ ಘರ್ಷಣೆಯನ್ನೂ ವಿವರವಾಗಿ ಅಳೆದ.

ಮೂರನೆಯದಾಗಿ ಇಟ್ಟಿಗೆಯ ಮಗ್ಗುಲು ಬದಲಿಸಿ. ಅಗಲದ ಮುಖ ಕೆಳಗಿದ್ದರೂ ಕಿರಿದಾದ ಮುಖ ಕೆಳಗಿದ್ದರೂ, ಎರಡೂ ಮುಖಗಳ ಒರಟುತನ ಒಂದೇ ಆಗಿದ್ದರೆ, ಜಾರುವ ಎತ್ತರ ಸುಮಾರು ಒಂದೇ. ಆದರೆ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಪ್ರಯತ್ನಿಸಬೇಡಿ. 23 ಸೆಂ.ಮೀ. ಎತ್ತರ ನಿಂತ ಇಟ್ಟಿಗೆಯ ಬುಡ ಇಳಿಜಾರಿನ ದಿಕ್ಕಿಗೆ 7 ಸೆಂ.ಮೀ. ಮಾತ್ರ ಇದ್ದರೆ, 7ನ್ನು 23ರಿಂದ ಭಾಗಿಸಿದಾಗ 0.3 ಬರುತ್ತದೆ. ಗುಣಾಂಕ ಅದಕ್ಕಿಂತ ಹೆಚ್ಚಿರುವಲ್ಲಿ ಇಟ್ಟಿಗೆ ಜಾರುವ ಮೊದಲೇ ಮಗುಚಿ ಬೀಳುತ್ತದೆ, ಕೆಲವೊಮ್ಮೆ ಕಾಲ ಮೇಲೆಯೇ.

ಹೊದಿಕೆ ಬದಲಿಸುವ ಭಾಗ ಸುಲಭ. ಒಂದೊಂದನ್ನೂ ಹಲಗೆಗೆ ಬಿಗಿಯಾಗಿ ಎಳೆದು ಹಿಂಬದಿಯಲ್ಲಿ ಡ್ರಾಯಿಂಗ್ ಪಿನ್ ಹಾಕಿ. ಸಡಿಲವಿದ್ದರೆ ಹೊದಿಕೆಯೇ ಇಟ್ಟಿಗೆಯ ಮುಂದೆ ಸುಕ್ಕುಗಟ್ಟಿ ಅಡ್ಡ ನಿಲ್ಲುತ್ತದೆ. ಪ್ರತಿ ಹೊದಿಕೆಗೂ ಐದು ಸಲ ಅಳೆದು, ನಡುವಿನ ಅಂಕಿಯನ್ನು ಬರೆದುಕೊಳ್ಳಿ. ರಬ್ಬರು ಮಾತ್ರ ಅಮೊಂತೊ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಅದು ಒತ್ತಡಕ್ಕೆ ಮಣಿದು ಮೇಲ್ಮೈಯ ಗುಂಡಿಗಳೊಳಗೆ ಕೂರುವುದರಿಂದ ತಾಗುವ ವಿಸ್ತಾರವೂ ಲೆಕ್ಕಕ್ಕೆ ಬರುತ್ತದೆ. ಟ್ಯೂಬು ಹೊದಿಸಿದಾಗ ಒಂದು ಇಟ್ಟಿಗೆಗೂ ಎರಡು ಇಟ್ಟಿಗೆಗೂ ಅಂಕಿ ಕೊಂಚ ಬೇರೆ ಬಂದರೆ ಅದನ್ನು ತಿದ್ದಬೇಡಿ, ಹಾಗೆಯೇ ಬರೆದಿಡಿ.

ಸಮತಟ್ಟಿನಲ್ಲಿ ಎಳೆಯುವುದು

ಹಲಗೆಯನ್ನು ನೆಲದ ಮೇಲೆ ಮಲಗಿಸಿ. ಇಟ್ಟಿಗೆಗೆ ದಾರ ಕಟ್ಟಿ, ಸ್ಪ್ರಿಂಗ್ ತ್ರಾಸಿನ ಕೊಕ್ಕೆಗೆ ಸಿಕ್ಕಿಸಿ, ಹಲಗೆಗೆ ಸಮಾನಾಂತರವಾಗಿ ಎಳೆಯಿರಿ. ಮೇಲ್ಮುಖವಾಗಿ ಎಳೆದರೆ ನೀವು ಇಟ್ಟಿಗೆಯನ್ನು ಸ್ವಲ್ಪ ಎತ್ತುತ್ತಲೂ ಇರುತ್ತೀರಿ, ಅಂಕಿ ಕಡಿಮೆ ಬರುತ್ತದೆ. ಕೈಯನ್ನು ನೆಲಕ್ಕೆ ಒರಗಿಸಿಕೊಂಡು ಎಳೆಯುವುದೇ ಸರಿಯಾದ ರೂಢಿ.

ಒಬ್ಬರು ಎಳೆಯಲಿ, ಇನ್ನೊಬ್ಬರು ಮುಳ್ಳನ್ನೇ ನೋಡಲಿ. ಮುಳ್ಳು ಏರುತ್ತಾ ಹೋಗುತ್ತದೆ, ಇಟ್ಟಿಗೆ ಅಲುಗುವುದಿಲ್ಲ. ಒಂದು ಹಂತದಲ್ಲಿ ಥಟ್ಟನೆ ಹೊರಡುತ್ತದೆ, ಮುಳ್ಳು ಹಿಂದಕ್ಕೆ ಬೀಳುತ್ತದೆ. ಮೇಲಿನ ಅಂಕಿ ಸ್ಥಾಯಿ ಘರ್ಷಣೆ, ಚಲಿಸುತ್ತಿರುವಾಗಿನದು ಜಾರು ಘರ್ಷಣೆ. ಇದಾದ ಮೇಲೆ ಹಲಗೆಯನ್ನು ಒಮ್ಮೆ ಹತ್ತು ಸೆಕೆಂಡಿನಲ್ಲಿ, ಇನ್ನೊಮ್ಮೆ ಐದು ಸೆಕೆಂಡಿನಲ್ಲಿ ದಾಟಿಸಿ. ವೇಗ ಇಮ್ಮಡಿಯಾದರೂ ಮುಳ್ಳು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಆಡುತ್ತಿರುತ್ತದೆ. ಈ ಅಂಕಿಯನ್ನು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದಿಡಿ, ನೀರಿನ ಪ್ರಯೋಗಕ್ಕೆ ಎದುರಾಗಿ ನಿಲ್ಲುವುದು ಇದೇ.

ಮುಳ್ಳು ಕುಣಿದಂತೆ ಮೇಲೆಕೆಳಗೆ ಆಡುತ್ತಿದ್ದರೆ ಇಟ್ಟಿಗೆ ನಿಂತುನಿಂತು ಹೋಗುತ್ತಿದೆ. ಉದ್ದದ ಸ್ಪ್ರಿಂಗು, ಎಳೆಯುವ ಕೈಯ ನಿಧಾನ ಎರಡೂ ಸೇರಿ ಹೀಗಾಗುತ್ತದೆ. ತುಸು ವೇಗವಾಗಿ, ಒಂದೇ ಸಮನೆ ಎಳೆದರೆ ಸರಿಹೋಗುತ್ತದೆ.

ಕೊನೆಗೆ ಇಟ್ಟಿಗೆಯ ಕೆಳಗೆ ನಾಲ್ಕು ದುಂಡು ಪೆನ್ಸಿಲು ಹಾಕಿ ಎಳೆಯಿರಿ. ಆರು ಮೂಲೆಯ ಪೆನ್ಸಿಲು ಪ್ರತಿ ಮೂಲೆಯಲ್ಲೂ ಇಟ್ಟಿಗೆಯನ್ನು ಎತ್ತಿ ಇಳಿಸುವುದರಿಂದ ಬೇಡ. 5 ಕಿಲೋ ತ್ರಾಸಿನಲ್ಲಿ ಈ ಬಲ ಓದಲಾಗದಷ್ಟು ಕಡಿಮೆ. 500 ಗ್ರಾಂ ತ್ರಾಸು ಬೇಕಾಗುತ್ತದೆ. ಉರುಳು ಘರ್ಷಣೆಯ ಗುಣಾಂಕ ಡಾಂಬರು ರಸ್ತೆಯ ಮೇಲಿನ ಕಾರಿನ ಟೈರಿಗೆ 0.01ರಿಂದ 0.015, ಕಂಬಿಯ ಮೇಲಿನ ರೈಲಿನ ಉಕ್ಕಿನ ಗಾಲಿಗೆ 0.001ರಿಂದ 0.002. ಗೂಡ್ಸ್ ರೈಲು ಅಷ್ಟು ಭಾರ ಎಳೆಯುವುದು ಇದರಿಂದಲೇ.

ನೆಲಕ್ಕೂ ನೀರಿಗೂ ನಡುವೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದಾಗ ಆಗುವುದೇನು? ಅಚ್ಚಿಗೂ ಗಾಲಿಯ ಗುಂಬಕ್ಕೂ ನಡುವೆ ಎಣ್ಣೆಯ ತೆಳು ಪದರ ನಿಲ್ಲುತ್ತದೆ. ಘನಕ್ಕೆ ಘನ ಉಜ್ಜುವುದು ತಪ್ಪಿ, ಎಣ್ಣೆಯ ಪದರಗಳು ಒಂದರ ಮೇಲೊಂದು ಜಾರುತ್ತವೆ. ನೆಲದ ನಿಯಮ ಬಿಟ್ಟು ದ್ರವದ ನಿಯಮಕ್ಕೆ ಬಂದಂತಾಯಿತು. ಬೇಕೆಂದೇ ಮಾಡಿದಾಗ ಇದು ಅನುಕೂಲ. ರಸ್ತೆಯಲ್ಲಿ ಬೇಡವಾದಾಗಲೂ ಇದೇ ಆಗುತ್ತದೆ.

ಟ್ಯೂಬು ಹೊದಿಸಿದ ಹಲಗೆಗೆ ನೀರು ಚಿಮುಕಿಸಿ ಇಟ್ಟಿಗೆ ಎಳೆದು ನೋಡಿ, ಆಮೇಲೆ ನೀರಿಗೆ ಎರಡು ಹನಿ ಅಡುಗೆ ಎಣ್ಣೆ ಸೇರಿಸಿ ನೋಡಿ. ಮುಂಗಾರಿನ ಮೊದಲ ಮಳೆಗೆ ರಸ್ತೆ ಅಷ್ಟು ಜಾರುವುದು, ಬೇಸಿಗೆಯಿಡೀ ಕೂತ ಎಣ್ಣೆ, ದೂಳು ನೀರಿನೊಂದಿಗೆ ಸೇರಿ ಪದರವಾಗುವುದರಿಂದ. ಲೆಕ್ಕ ಹಾಕಿಸುವುದಾದರೆ: ಗಂಟೆಗೆ 50 ಕಿ.ಮೀ. ವೇಗದ ವಾಹನ, ಗುಣಾಂಕ 0.7 ಇರುವ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಗುಣಾಂಕ 0.35ಕ್ಕೆ ಇಳಿದರೆ 28 ಮೀಟರು ಬೇಕು. ಚಾಲಕ ನೋಡಿ ಬ್ರೇಕಿಗೆ ಕಾಲಿಡುವವರೆಗಿನ ದೂರ ಇದರಲ್ಲಿ ಸೇರಿಲ್ಲ. ಟೈರಿನ ಗೀರುಗಳು ಇರುವುದು ನೀರಿಗೆ ಹೊರಹೋಗಲು ದಾರಿ ಕೊಡುವುದಕ್ಕೆ. ಗೀರು ಸವೆದ ಟೈರು ವೇಗವಾಗಿ ಹೋಗುವಾಗ ನೀರಿನ ಮೇಲೇ ತೇಲಿಬಿಡುತ್ತದೆ. ಆಗ ಸ್ಟೇರಿಂಗೂ ಕೇಳುವುದಿಲ್ಲ, ಬ್ರೇಕೂ ಕೇಳುವುದಿಲ್ಲ.

ನೀರಿನ ತೊಟ್ಟಿ ಕಟ್ಟುವುದು

ಒಳ ಅಳತೆ 220 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಬರುವಂತೆ ಇಟ್ಟಿಗೆಗಳನ್ನು ಮಗ್ಗುಲಾಗಿ ಸಾಲು ನಿಲ್ಲಿಸಿ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲು ಹಾಸಿ, ಅಂಚನ್ನು ಇಟ್ಟಿಗೆಯ ಹೊರಗೆ ಇಳಿಬಿಡಿ. 9 ಸೆಂ.ಮೀ. ಆಳಕ್ಕೆ ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಇಟ್ಟಿಗೆ ಸಾಲು ನೀರಿನ ಒತ್ತಡಕ್ಕೆ ಜಾರದೆ ನಿಲ್ಲುವುದೂ ಘರ್ಷಣೆಯ ಬಲದಿಂದಲೇ. ಸಿಮೆಂಟು ನೆಲದ ಮೇಲೆ ತೊಂದರೆಯಿಲ್ಲ, ನುಣುಪು ಟೈಲ್ಸಿನ ಮೇಲೆ ನೀರು ಚೆಲ್ಲಿದರೆ ಸಾಲು ಹೊರಕ್ಕೆ ಸರಿಯುತ್ತದೆ. ಅಂಥ ಕಡೆ ಹೊರಗಿನಿಂದ ಅಲ್ಲಲ್ಲಿ ಒಂದೊಂದು ಇಟ್ಟಿಗೆ ಒತ್ತಿ ಇಡಿ.

ದೋಣಿ: ಥರ್ಮಕೋಲಿನಿಂದ 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದ ಪೆಟ್ಟಿಗೆಯಾಕಾರ ಕತ್ತರಿಸಿ, ಪೂರ್ತಿ ಸೆಲ್ಲೋ ಟೇಪು ಸುತ್ತಿ. ತಳದಿಂದ 2 ಸೆಂ.ಮೀ. ಮೇಲೆ ಸುತ್ತಲೂ ಗೆರೆ ಎಳೆದು, ನೀರು ಆ ಗೆರೆಗೆ ಬರುವಷ್ಟು ಭಾರ ಹೇರಿ. ದೋಣಿ, ಭಾರ ಎರಡೂ ಸೇರಿ 200 ಗ್ರಾಂ ಆಗುತ್ತದೆ. ಹಿಂಬದಿಯ ನಡುವೆ ಪ್ಲಾಸ್ಟಿಕ್ ಬಾಟಲಿಯಿಂದ ಕತ್ತರಿಸಿದ ಸಣ್ಣ ರೆಕ್ಕೆ ಸಿಕ್ಕಿಸಿ. ರೆಕ್ಕೆ ಇಲ್ಲದಿದ್ದರೆ ದೋಣಿ ಅಡ್ಡತಿರುಗಿ ಗೋಡೆಗೆ ಉಜ್ಜುತ್ತದೆ.

ರಾಟೆ: ಹೊಲಿಗೆ ಯಂತ್ರದ ಎರಡು ಬಾಬಿನ್, ಪ್ರತಿಯೊಂದಕ್ಕೂ ಅಚ್ಚಾಗಿ ಒಂದು ದಬ್ಬಳ. ಒಂದನ್ನು ತೊಟ್ಟಿಯ ತುದಿಯಲ್ಲಿ, ಅದರ ಕೆಳ ಅಂಚು ನೀರಿನ ಮಟ್ಟಕ್ಕಿಂತ 1 ಸೆಂ.ಮೀ. ಮೇಲೆ ಬರುವಂತೆ ಕೂರಿಸಿ. ಇನ್ನೊಂದನ್ನು ಅದರ ನೇರ ಮೇಲೆ, ನೆಲದಿಂದ 2 ಮೀಟರ್ ಎತ್ತರದಲ್ಲಿ ಕಿಟಕಿಯ ಸರಳಿಗೆ ಕಟ್ಟಿ. ದೋಣಿಯ ಮೂತಿಯಿಂದ ಹೊರಟ ದಾರ ಕೆಳಗಿನ ಬಾಬಿನ್ನಿನ ಅಡಿಯಿಂದ ಮೇಲೇರಿ, ಮೇಲಿನದನ್ನು ಬಳಸಿ ಕೆಳಗಿಳಿಯಬೇಕು. ದಾರಕ್ಕೆ ಗಾಳದ ತೆಳು ನೈಲಾನ್ ಒಳ್ಳೆಯದು. ನೂಲಿನ ದಾರ ನೀರು ಕುಡಿದು ಭಾರವಾಗಿ ಜೋಲುತ್ತದೆ. ದಾರದ ತುದಿಗೆ ಸೇಫ್ಟಿ ಪಿನ್ನು, ಅದಕ್ಕೆ ತೂಕವಾಗಿ ಜೆಮ್ ಕ್ಲಿಪ್ಪುಗಳು. ಐವತ್ತು ಕ್ಲಿಪ್ಪನ್ನು ಒಟ್ಟಿಗೆ ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿಸಿ, ಐವತ್ತರಿಂದ ಭಾಗಿಸಿದರೆ ಒಂದರ ತೂಕ ನಿಖರವಾಗಿ ಸಿಗುತ್ತದೆ. ಪಿನ್ನಿನ ತೂಕವನ್ನೂ ಸೇರಿಸಬೇಕು.

ರಾಟೆಗೂ ತನ್ನದೇ ಘರ್ಷಣೆ ಇದೆಯಲ್ಲ, ಅದನ್ನು ಕಳೆಯುವುದು ಹೇಗೆ? ನೀರಿನಲ್ಲಿ ಹೊಸ್ತಿಲು ಇಲ್ಲ ಎಂಬುದೇ ಇಲ್ಲಿ ಕೈಹಿಡಿಯುತ್ತದೆ. ಕ್ಲಿಪ್ಪನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ದೋಣಿ ಇನ್ನೇನು ತೆವಳತೊಡಗಿತು ಎನ್ನುವಾಗ ತೂಗುತ್ತಿರುವ ತೂಕವೆಲ್ಲ ರಾಟೆಯ ಪಾಲು. ಮುಂದಿನ ಪ್ರತಿ ಅಳತೆಯಿಂದಲೂ ಇದನ್ನು ಕಳೆಯಿರಿ, ಉಳಿದದ್ದು ನೀರಿನ ಎಳೆತ. ಈ ತೂಕ 1 ಗ್ರಾಂ ದಾಟಿದರೆ ಬಾಬಿನ್ ಎಲ್ಲೋ ಉಜ್ಜುತ್ತಿದೆ. ದಬ್ಬಳವನ್ನು ನೇರ ಮಾಡಿ, ತೂತಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ.

ವೇಗದ ಪ್ರಯೋಗ

ದೋಣಿಯ ಮೂತಿ ನಿಲ್ಲುವ ಜಾಗದಿಂದ 60 ಸೆಂ.ಮೀ. ಮುಂದೆ ಇಟ್ಟಿಗೆಯ ಮೇಲೆ ಒಂದು ಗೆರೆ, ಅಲ್ಲಿಂದ 50 ಸೆಂ.ಮೀ.ಗೆ ಎರಡನೆಯದು, ಮತ್ತೆ 50ಕ್ಕೆ ಮೂರನೆಯದು. ಮೊದಲ 60 ಸೆಂ.ಮೀ. ವೇಗ ಕೂಡಿಕೊಳ್ಳುವುದಕ್ಕೆ ಬಿಟ್ಟದ್ದು. ಎಳೆಯುವ ತೂಕಕ್ಕೆ ನೀರಿನ ತಡೆ ಸಮನಾದ ಮೇಲೆ ವೇಗ ಏರುವುದಿಲ್ಲ. ನಾವು ಅಳೆಯಬೇಕಾದದ್ದು ಆ ಸ್ಥಿರ ವೇಗವನ್ನೇ. ಮೊಬೈಲನ್ನು ಮೇಲಿನಿಂದ ಹಿಡಿದು ವಿಡಿಯೋ ಮಾಡಿ, ಗೆರೆ ದಾಟಿದ ಸಮಯವನ್ನು ಅದರಿಂದ ಓದುವುದು ಸ್ಟಾಪ್ ವಾಚಿಗಿಂತ ಎಷ್ಟೋ ವಾಸಿ. ಮೊದಲ 50 ಸೆಂ.ಮೀ.ಗಿಂತ ಎರಡನೆಯ 50ಕ್ಕೆ ಕಡಿಮೆ ಸಮಯ ಹಿಡಿದರೆ ವೇಗ ಇನ್ನೂ ಏರುತ್ತಿದೆ ಎಂದರ್ಥ. ಆಗ ಎರಡನೆಯ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ರಾಟೆಯ ಪಾಲು ಕಳೆದ ಮೇಲೆ 1 ಗ್ರಾಂ, 4 ಗ್ರಾಂ, 9 ಗ್ರಾಂ ಉಳಿಯುವಂತೆ ಮೂರು ತೂಕ ಹಾಕಿ. ಈ ಅಳತೆಯ ಮೊಂಡು ದೋಣಿ ಒಂದು ಮೀಟರು ಸಾಗಲು ಸುಮಾರು 7, 3.5, 2.4 ಸೆಕೆಂಡು ತೆಗೆದುಕೊಳ್ಳಬೇಕು. ನಿಮ್ಮ ಅಂಕಿ ತುಸು ಆಚೀಚೆ ಇರಬಹುದು, ಮುಖ್ಯವಾದದ್ದು ಅನುಪಾತ. ವೇಗ ಇಮ್ಮಡಿಯಾಗಲು ನಾಲ್ಕು ಪಟ್ಟು, ಮೂರು ಪಟ್ಟಾಗಲು ಒಂಬತ್ತು ಪಟ್ಟು ಬಲ ಬೇಕಾಯಿತು. ಎಂಜಿನ್ನಿನ ಶಕ್ತಿಯ ಲೆಕ್ಕದಲ್ಲಿ ಇದು ಇನ್ನೂ ಕಠಿಣ: ಇಮ್ಮಡಿ ವೇಗಕ್ಕೆ ಎಂಟು ಪಟ್ಟು ಶಕ್ತಿ. ಇಟ್ಟಿಗೆಯ ವೇಗ ಇಮ್ಮಡಿಯಾದಾಗ ಮುಳ್ಳು ಅಲುಗದೆ ಇದ್ದದ್ದನ್ನು ಈಗ ಪಕ್ಕದಲ್ಲಿಟ್ಟು ನೋಡಲಿ.

9 ಗ್ರಾಂಗಿಂತ ಮೇಲೆ ಹೋದರೆ ದೋಣಿಯ ಮುಂದೆ ಅಲೆ ಎದ್ದು ಮೂತಿ ಮೇಲೇಳುತ್ತದೆ. ಆಗ ಬಲದ ಹೆಚ್ಚಿನ ಪಾಲು ಅಲೆ ಎಬ್ಬಿಸುವುದಕ್ಕೇ ಹೋಗಿ ಲೆಕ್ಕ ಕೆಡುತ್ತದೆ. 20 ಸೆಂ.ಮೀ. ದೋಣಿಗೆ ಈ ಮಿತಿ ಸೆಕೆಂಡಿಗೆ ಸುಮಾರು ಅರ್ಧ ಮೀಟರು. ದೋಣಿ ಉದ್ದವಾದಷ್ಟೂ ಮಿತಿ ಮೇಲೇರುತ್ತದೆ, ಸ್ಪರ್ಧೆಯ ದೋಣಿಗಳನ್ನು ಉದ್ದಕ್ಕೆ ಕಟ್ಟಲು ಇದೊಂದು ಕಾರಣ. ಪ್ರತಿ ಓಟದ ಬಳಿಕ ಮೂರು ನಾಲ್ಕು ನಿಮಿಷ ನೀರು ತಿಳಿಯಾಗಲು ಬಿಡಿ. ಫ್ಯಾನ್ ಆರಿಸಿ. ತೊಟ್ಟಿಯ ಕೊನೆಗೆ ಸ್ಪಂಜು ಇಟ್ಟರೆ ಮೂತಿ ಉಳಿಯುತ್ತದೆ.

ಭಾರ, ಆಕಾರ, ಮೈ

ಅದೇ ದೋಣಿಗೆ ಇನ್ನೂ 100 ಗ್ರಾಂ ಹೇರಿ. ಅದು 1 ಸೆಂ.ಮೀ. ಹೆಚ್ಚು ಮುಳುಗುತ್ತದೆ, ನೀರಿಗೆ ಎದುರಾಗುವ ಮುಖ 10ರಿಂದ 15 ಚದರ ಸೆಂ.ಮೀ.ಗೆ ಏರುತ್ತದೆ, ತಡೆಯೂ ಸುಮಾರು ಒಂದೂವರೆ ಪಟ್ಟಾಗುತ್ತದೆ. ತೂಕ ಅಡ್ಡದಾರಿಯಿಂದ ಬರುತ್ತದೆ ಎಂದದ್ದು ಇದನ್ನೇ. ಅಷ್ಟೇ ತೂಕವನ್ನು ಅಗಲವಾದ ತಳದ ಮೇಲೆ ಹರಡಿದರೆ ಮುಳುಗುವ ಆಳ ಕಡಿಮೆಯಾಗುತ್ತದೆ. ತುಂಗಭದ್ರೆಯ ಹರಿಗೋಲು ಬಂಡೆಗಳ ನಡುವಿನ ತೆಳು ನೀರಿನಲ್ಲೂ ಸಾಗುವುದು ಈ ಗುಣದಿಂದ. ಅದಕ್ಕೆ ಪ್ರತಿಯಾಗಿ ದುಂಡು ಆಕಾರ ನೀರನ್ನು ಚೆನ್ನಾಗಿ ಸೀಳುವುದಿಲ್ಲ, ನೇರ ಹಿಡಿದು ನಿಲ್ಲುವ ಬೆನ್ನೂ ಅದಕ್ಕಿಲ್ಲ. ಹುಟ್ಟು ಹಾಕುವವರ ಕೈ ಒಂದಿಷ್ಟು ತಪ್ಪಿದರೆ ತಿರುಗುತ್ತದೆ. ಆಳ ಕಡಿಮೆ ಇರುವಲ್ಲಿ ಅಂಬಿಗರು ಹುಟ್ಟು ಬಿಟ್ಟು ಬಿದಿರಿನ ಗಳ ಊರುವುದನ್ನು ನೋಡಿರಬಹುದು. ಹುಟ್ಟು ನೀರನ್ನು ಹಿಂದಕ್ಕೆ ತಳ್ಳುತ್ತದೆ, ತಳ್ಳಿದ ನೀರು ಸರಿದುಹೋಗುತ್ತದೆ. ಗಳ ನದಿಯ ತಳವನ್ನು ಕಚ್ಚಿ ಹಿಡಿಯುತ್ತದೆ: ನೀರಿನ ಮೇಲೆ ಸಾಗಲು ನೆಲದ ಘರ್ಷಣೆಯ ಸಹಾಯ.

ಆಕಾರಕ್ಕೆ ಒಂದೇ ದೋಣಿ ಸಾಕು. ಹೊಸ ಥರ್ಮಕೋಲು ತುಂಡಿನ ಒಂದು ತುದಿಯನ್ನು 7 ಸೆಂ.ಮೀ. ಉದ್ದಕ್ಕೆ ಚೂಪು ಮಾಡಿ, ಇನ್ನೊಂದನ್ನು ಮೊಂಡಾಗಿಯೇ ಬಿಡಿ. ನೀರು 2 ಸೆಂ.ಮೀ. ಗೆರೆಗೇ ಬರಬೇಕು, ಗಾತ್ರ ಕುಗ್ಗಿರುವುದರಿಂದ ಭಾರ ಕಡಿಮೆ ಸಾಕಾಗುತ್ತದೆ. ಚೂಪು ಮುಂದೆ ಮಾಡಿ ಒಮ್ಮೆ, ಹಿಂದೆ ಮಾಡಿ ಒಮ್ಮೆ ಓಡಿಸಿ, ರೆಕ್ಕೆಯನ್ನು ಪ್ರತಿ ಸಲ ಹಿಂಬದಿಗೆ ಬದಲಿಸಿ. ಆಮೇಲೆ ಮೊಂಡು ತುದಿಯನ್ನೂ ಚೂಪು ಮಾಡಿ ಮೂರನೆಯ ಓಟ. ಎರಡೂ ತುದಿ ಚೂಪಾದದ್ದು ಸ್ಪಷ್ಟವಾಗಿ ಮುಂದಿರುತ್ತದೆ. ನೀರಿನ ಮೇಲೆ ಮರದ ಹೊಟ್ಟು ಉದುರಿಸಿದರೆ ಕಾರಣ ಕಣ್ಣಿಗೇ ಕಾಣುತ್ತದೆ: ಮೊಂಡು ಹಿಂಬದಿಯ ಬೆನ್ನಿಗೆ ಸುಳಿಗಳು ಏಳುತ್ತವೆ, ಆ ಸುಳಿ ತಿರುಗಿಸುವ ಶಕ್ತಿ ದೋಣಿಯಿಂದಲೇ ಹೋಗುತ್ತದೆ. ಮಕ್ಕಳು ಸಾಮಾನ್ಯವಾಗಿ ಮುಂಭಾಗವನ್ನಷ್ಟೇ ನೋಡುತ್ತಾರೆ. ಮೀನನ್ನು ಸರಿಯಾಗಿ ಗಮನಿಸಿದರೆ ಅದರ ತಲೆ ದುಂಡು, ಬಾಲದ ಕಡೆಗೆ ಸಪೂರ. ಕಡಿಮೆ ತಡೆಯ ದೋಣಿ ಸ್ಥಿರ ವೇಗ ತಲುಪಲು ಹೆಚ್ಚು ದೂರ ಬೇಕಾದ್ದರಿಂದ ಈ ಓಟಗಳಲ್ಲಿ ಕೊನೆಯ 50 ಸೆಂ.ಮೀ. ಮಾತ್ರ ನಂಬಿ.

ಕೊನೆಯ ಪ್ರಯೋಗ ಮೈಯ ಒರಟುತನದ್ದು. ಎರಡೂ ತುದಿ ಚೂಪಾದ ದೋಣಿಯ ಮುಳುಗುವ ಭಾಗಕ್ಕೆ ಉಪ್ಪುಕಾಗದ ಅಥವಾ ಗೋಣಿಯ ತುಂಡು ಅಂಟಿಸಿ, ಮತ್ತೆ 2 ಸೆಂ.ಮೀ. ಗೆರೆಗೆ ಭಾರ ಹೊಂದಿಸಿ ಓಡಿಸಿ. ಮೊಂಡು ದೋಣಿಯಲ್ಲಿ ಇದೇ ಪ್ರಯೋಗ ಮಾಡಿದರೆ ವ್ಯತ್ಯಾಸ ಅಷ್ಟು ಎದ್ದು ಕಾಣುವುದಿಲ್ಲ, ಅಲ್ಲಿ ಸುಳಿಯ ಪಾಲೇ ದೊಡ್ಡದು. ಒಳ್ಳೆಯ ಆಕಾರದ ದೋಣಿಗೆ ಮೈಯ ಉಜ್ಜಾಟವೇ ಮುಖ್ಯ ತಡೆಯಾಗುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬೋಟುಗಳ ದುರಸ್ತಿ ನಡೆಯುತ್ತದೆ. ಆಗ ತಳಕ್ಕೆ ಅಂಟಿ ಬೆಳೆದ ಪಾಚಿ, ಚಿಪ್ಪುಜೀವಿಗಳನ್ನು ಹೆರೆದು ಹೊಸ ಬಣ್ಣ ಬಳಿಯುತ್ತಾರೆ. ಹಾಗೇ ಬಿಟ್ಟ ಬೋಟು ಅದೇ ವೇಗಕ್ಕೆ ಹೆಚ್ಚು ಡೀಸೆಲ್ ಕುಡಿಯುತ್ತದೆ. ಗೋಣಿ ಹೊದಿಸುವಾಗ ಒಂದು ಎಚ್ಚರಿಕೆ: ಬಟ್ಟೆಯ ಎಳೆಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ದೋಣಿ ಮೊದಲು ಹಗುರವಾಗಿದ್ದು ಆಮೇಲೆ ಇಳಿಯುತ್ತದೆ. ಓಡಿಸುವ ಮೊದಲು ಹತ್ತು ನಿಮಿಷ ನೀರಿನಲ್ಲೇ ನೆನೆಯಲು ಬಿಟ್ಟು, ಗೆರೆಯನ್ನು ಇನ್ನೊಮ್ಮೆ ನೋಡಿಕೊಳ್ಳಿ.